ನೆಗಡಿ ಹಿಡಿದ ಹಾರ್ಮೋನಿಯಂ

ನಮ್ಮ ಮನೆಯ ಕೆಳಗಿನ ಮಳಿಗೆಗೆ ಈಚೆಗೆ ಒಬ್ಬ ಮೊಬೈಲ್ ರಿಪೇರಿಯವನು ಬಂದಿದ್ದಾನೆ. ಬೆಳಿಗ್ಗೆ ನಾನು ಕಾಫಿ ಲೋಟ ಹಿಡಿದು ಬಾಲ್ಕನಿಗೆ ಬರುವ ಹೊತ್ತಿಗೆ ಅವನು ಏನನ್ನೋ ಬೆಸೆಯಲು ಕುಳಿತಿರುತ್ತಾನೆ. ಸೀಸ ಕರಗಿ, ರಾಳ ಸುಟ್ಟು, ಒಂದೆಳೆ ಹೊಗೆ ಮೇಲಕ್ಕೆ ಬರುತ್ತದೆ. ಬೇರೆಯವರು ಮೂಗು ಮುಚ್ಚಿಕೊಂಡು ಒಳಗೆ ಹೋಗುತ್ತಾರೆ. ನಾನು ಕಂಬಿಗೆ ಒರಗಿ ಇನ್ನೊಂದಿಷ್ಟು ಎಳೆದುಕೊಳ್ಳುತ್ತೇನೆ. ನಿಮಗೆ ಮಲ್ಲಿಗೆಯ ವಾಸನೆಯಿಂದ ಮದುವೆಯ ದಿನಗಳು ನೆನಪಾಗಬಹುದು. ನನಗೆ ನೆನಪು ತರುವುದು ಈ ರಾಳದ ಹೊಗೆಯೇ. ನನ್ನನ್ನು ನೋಡಿ ನಗಬೇಡಿ. ನಾನು ಸೊಸೆಯಾಗಿ ಕಾಲಿಟ್ಟ ಮನೆಯಲ್ಲಿ ಮಲ್ಲಿಗೆಗಿಂತ ಇದೇ ಹೆಚ್ಚಾಗಿ ಘಮಘಮಿಸುತ್ತಿತ್ತು.

ಅದು ಎಪ್ಪತ್ತರ ದಶಕ. ಚಿತ್ರದುರ್ಗದಲ್ಲಿ, ಕೋಟೆಯ ಬಂಡೆಗಳು ಹಿತ್ತಿಲಿನೊಳಕ್ಕೇ ಇಣುಕುವಂಥ ಒಂದು ಓಣಿಯಲ್ಲಿ ನಮ್ಮ ಬಾಡಿಗೆ ಮನೆ. ಯಜಮಾನರು ಎಣ್ಣೆ ಮಿಲ್ಲಿನಲ್ಲಿ ಗುಮಾಸ್ತರು. ಸಂಬಂಧ ಕುದುರುವ ಮುಂಚೆ ನಮ್ಮಪ್ಪ ನಾಲ್ಕು ಕಡೆ ವಿಚಾರಿಸಿಕೊಂಡು ಬಂದು, "ಹುಡುಗನಿಗೆ ಯಾವ ಚಟವೂ ಇಲ್ಲ" ಎಂದಿದ್ದರು. ಬೀಡಿ ಇಲ್ಲ, ಇಸ್ಪೀಟಿಲ್ಲ, ಅದೆಲ್ಲ ನಿಜ. ಸತ್ತ ರೇಡಿಯೋ ಕೂಡಿಹಾಕುವ ಚಟ ಇದೆಯೇ ಎಂದು ಯಾವ ಹೆಣ್ಣಿನ ತಂದೆ ತಾನೆ ವಿಚಾರಿಸುತ್ತಾನೆ? ನಾನು ಬಂದು ನೋಡಿದರೆ ಮಂಚದ ಕೆಳಗೆ, ಅಟ್ಟದ ಮೇಲೆ, ದೇವರ ಗೂಡಿನ ಪಕ್ಕದಲ್ಲಿ, ಎಲ್ಲೆಲ್ಲೂ ಹೊಟ್ಟೆ ಬಗೆದ ರೇಡಿಯೋಗಳು. "ಹೆದರ್ಕಬ್ಯಾಡ ಕಣಮ್ಮ, ಇವ್ಯಾವೂ ಮಾತಾಡಲ್ಲ" ಎಂದು ನಮ್ಮತ್ತೆ ನನಗೆ ಸಮಾಧಾನ ಹೇಳಿದರು. ಆ ಮನೆಯಲ್ಲಿ ಮಾತಾಡುವ ರೇಡಿಯೋ ಒಂದೂ ಇರಲಿಲ್ಲ. ಸುದ್ದಿ ಕೇಳಬೇಕಾದರೆ ಪಕ್ಕದ ಮನೆಗೆ ಹೋಗಬೇಕಿತ್ತು.

ಈ ಚಟಕ್ಕೆ ಜೊತೆಗಾರರು ಇಬ್ಬರು. ಒಬ್ಬ ಓಬಣ್ಣ, ನಮ್ಮ ಓಣಿಯ ತುದಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟವನು. ತೆಳ್ಳಗೆ, ಉದ್ದಕ್ಕೆ, ಆಂಟೆನಾ ತರಹವೇ ಇದ್ದ. ಇನ್ನೊಬ್ಬರು ಹೊಳಲ್ಕೆರೆಯ ಹಾಲೇಶಪ್ಪನವರು. ಮದುವೆ ಮುಂಜಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಮೂವತ್ತು ವರ್ಷ ಮೈಕಿನ ಪಕ್ಕದಲ್ಲೇ ಬಾಳಿದ್ದರಿಂದ ನಮ್ಮ ನಡುಮನೆಯಲ್ಲಿ ಕುಳಿತು ನೀರು ಕೇಳಿದರೂ ಅದು ಊರಿಗೇ ಮಾಡಿದ ಪ್ರಕಟಣೆಯಂತಿರುತ್ತಿತ್ತು. ಇವರಿಬ್ಬರೂ ಯಜಮಾನರೂ ಸೇರಿ ಪ್ರತಿ ಭಾನುವಾರ ನಮ್ಮ ನಡುಮನೆಯಲ್ಲಿ ನಡೆಸುತ್ತಿದ್ದದ್ದು 'ಎಲೆಕ್ಟ್ರಿಕ್ ನಾದ ಸಂಘ'. ಊದದೆ, ಮೀಟದೆ, ಬಡಿಯದೆ, ಬರೀ ಕರೆಂಟಿನಿಂದ ಸಂಗೀತ ಹೊರಡಿಸುವುದು ಸಂಘದ ಗುರಿ. ಹೊರದೇಶಗಳಲ್ಲಿ ಅಂಥ ವಾದ್ಯಗಳಿವೆ ಎಂದು ಓಬಣ್ಣ ಯಾವುದೋ ಹಳೆಯ ಪತ್ರಿಕೆಯಲ್ಲಿ ಚಿತ್ರ ನೋಡಿದ್ದ. ಚಿತ್ರದ ಕೆಳಗಿನ ವಿವರ ಇದ್ದ ಅರ್ಧ ಹಾಳೆಯಲ್ಲಿ ಯಾರೋ ಕಡಲೆಕಾಯಿ ಕಟ್ಟಿಸಿಕೊಂಡು ಹೋಗಿದ್ದರಂತೆ. ಹಾಗಾಗಿ ಉಳಿದದ್ದನ್ನು ಇವರೇ ಕಂಡುಹಿಡಿಯಬೇಕಾಯಿತು.

ಕಂಡುಹಿಡಿದರು. ತುಂಬಾ ದಿನಗಳ ದುಡಿಮೆಯ ನಂತರ ಒಂದು ಪೆಟ್ಟಿಗೆ 'ಗುಂಯ್' ಎಂದಿತು. ಮೂವರೂ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಮುಂದಿನ ಭಾನುವಾರ ಅದೇ ಪೆಟ್ಟಿಗೆ ಕೊಂಚ ಬೇರೆ ತರಹ 'ಗುಂಯ್' ಎಂದಿತು. ಅದಕ್ಕೂ ತಬ್ಬಿಕೊಂಡರು. ಓಣಿಯವರು ಇವರನ್ನು 'ಗುಂಯ್ ಸಂಘ' ಎಂದೇ ಕರೆಯುತ್ತಿದ್ದರು. ಬೇರೆ ಗಂಡಸರು ಸಿನಿಮಾ, ರಾಜಕೀಯ ಎಂದು ಜಗಳಾಡಿದರೆ ಇವರು ಕಂಡೆನ್ಸರಿನ ವಿಷಯಕ್ಕೆ ಮಾತು ಬಿಡುತ್ತಿದ್ದರು. ನನ್ನ ಅಡುಗೆಮನೆಯಿಂದ ಒಂದೊಂದೇ ಸಾಮಾನು ಸಂಘಕ್ಕೆ ದಾಖಲಾಗುತ್ತಿತ್ತು. ಇಡ್ಲಿ ತಟ್ಟೆಗೆ ತೂತು ಕೊರೆದು ರೇಡಿಯೋ ವಾಲ್ವ್ ಕೂರಿಸಿದರು. ಹಪ್ಪಳದ ಡಬ್ಬಿ ಟ್ರಾನ್ಸ್‌ಫಾರ್ಮರಿನ ಮನೆಯಾಯಿತು. ಒಂದು ದಿನ ಒಗ್ಗರಣೆ ಸೌಟು ಕಾಣದೆ ನಾನು ನಡುಮನೆಗೆ ಬಂದು ನಿಂತರೆ, ಓಬಣ್ಣ ಅದರಲ್ಲೇ ಸೀಸ ಕಾಯಿಸುತ್ತಿದ್ದ. "ಅಕ್ಕ, ಇವತ್ತೊಂದಿನ ಒಗ್ಗರಣೆ ಇಲ್ದೆ ಸಾರು ಮಾಡ್ರಿ, ನಾದಕ್ಕೋಸ್ಕರ" ಎಂದ. ಮಾಡಿದೆ. ನಾದಕ್ಕೋಸ್ಕರ ನಾನು ತಿಂದ ಸಪ್ಪೆ ಸಾರು ಅಷ್ಟಿಷ್ಟಲ್ಲ.

ಹೀಗೇ ಗುಂಯ್‌ಗುಟ್ಟಿಕೊಂಡು ಕಾಲ ಕಳೆದುಹೋಗುತ್ತಿತ್ತೋ ಏನೋ. ಅಷ್ಟರಲ್ಲಿ ತಿಪ್ಪೇಸ್ವಾಮಿ ಮೇಷ್ಟ್ರ ವಿಷಯ ಬಂತು.

ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ, ನಾಟಕದ ಮೇಷ್ಟ್ರು. ಹೊಸದುರ್ಗದ ಕಡೆಯವರು, ಹೆಂಡತಿ ಮಕ್ಕಳಿಲ್ಲ. ಸುಗ್ಗಿ ಮುಗಿದ ಮೇಲೆ ಒಂದೊಂದು ಊರಿಗೆ ಹೋಗಿ ತಿಂಗಳುಗಟ್ಟಲೆ ಬಿಡಾರ ಹೂಡಿ, ಹೊಲದಿಂದ ಬಂದ ಗಂಡಸರಿಗೆ ರಾಜನ ಪಾರ್ಟು, ಮಂತ್ರಿಯ ಪಾರ್ಟು ಕಲಿಸಿ, ಹಾಡು ಹಚ್ಚಿಸಿ, ನಾಟಕ ಆಡಿಸುತ್ತಿದ್ದರು. ಅವರ ಬಳಿ ಒಂದು ಕಾಲು ಹಾರ್ಮೋನಿಯಂ ಇತ್ತು. ಕೆಳಗಿನ ಎರಡು ಹಲಗೆಗಳನ್ನು ಪಾದಗಳಿಂದ ತುಳಿದು ಗಾಳಿ ತುಂಬುತ್ತ, ಮೇಲೆ ಎರಡೂ ಕೈಯಲ್ಲಿ ನುಡಿಸುವಂಥದ್ದು. ಆ ವರ್ಷ ಲಕ್ವ ಹೊಡೆದು ಅವರ ಎಡಗಾಲು ಸ್ವಾಧೀನ ತಪ್ಪಿತು. ಕೋಲೂರಿಕೊಂಡು ನಡೆಯುವಷ್ಟಾದರು. ಒಂದೇ ಕಾಲಲ್ಲಿ ತುಳಿದರೆ ಪೆಟ್ಟಿಗೆ ಬಿಕ್ಕಳಿಸುತ್ತಿತ್ತು. ಹೊಳಲ್ಕೆರೆ ಆಚೆಯ ಬಿ.ದುರ್ಗ ಎಂಬ ಹಳ್ಳಿಯಲ್ಲಿ ಆ ಸಲದ ನಾಟಕಕ್ಕೆ ಇವರನ್ನೇ ಕರೆಯಬೇಕೆಂದಿದ್ದವರು ಈಗ ಬೇರೆ ಮೇಷ್ಟ್ರನ್ನು ನೋಡುತ್ತಿದ್ದಾರೆ ಎಂದು ಹಾಲೇಶಪ್ಪನವರು ಸುದ್ದಿ ತಂದರು. ಒಂದು ಊರು ಬಿಟ್ಟರೆ ಸುತ್ತಿನ ಊರುಗಳೂ ಬಿಡುತ್ತವೆ. ನಾಟಕ ಹೋದರೆ ಮೇಷ್ಟ್ರಿಗೆ ಉಳಿಯುವುದು ಬಾಡಿಗೆ ಕೋಣೆಯ ನಾಲ್ಕು ಗೋಡೆ.

"ಅಲ್ಲ ಮೇಷ್ಟ್ರೆ, ಯಾರಾದ್ರೂ ಕೆಳಗೆ ಕುಂತು ತುಳೀಲಿ. ನೀವು ಮ್ಯಾಲೆ ನುಡಿಸ್ರಿ" ಎಂದು ಹಾಲೇಶಪ್ಪನವರು ಅವರನ್ನು ನಮ್ಮ ನಡುಮನೆಗೇ ಕರೆತಂದು ಹೇಳಿ ನೋಡಿದರು. ಮೇಷ್ಟ್ರು ಕುಡಿಯುತ್ತಿದ್ದ ಕಾಫಿ ಕೆಳಗಿಟ್ಟರು.

"ಹಾಲೇಶಪ್ಪ, ಪೆಟ್ಗೆ ಗಾಳಿ ಅಂದ್ರೆ ನನ್ನ ಉಸ್ರು ಕಣಯ್ಯ. ಇನ್ನೊಬ್ಬನ ಉಸ್ರಾಗೆ ನಾನು ಹಾಡ್ಲಾ? ಅದ್ಕಿಂತ ಮನೇಲಿ ಬಿದ್ದಿರ್ತೀನಿ ಬಿಡು."

ಅವರು ಹೋದ ಮೇಲೆ ಮೂವರೂ ತಲೆ ತಗ್ಗಿಸಿ ಕುಳಿತಿದ್ದರು. ಯಜಮಾನರೇ ಮೊದಲು ತಲೆಯೆತ್ತಿದ್ದು. "ಯಾರೂ ತುಳಿಯದೇ ಇದ್ದರೆ? ಕರೆಂಟ್ ಹಾರ್ಮೋನಿಯಂ?"

ಅಲ್ಲಿಂದ ಶುರುವಾದ ಗಲಾಟೆಯನ್ನು ಹೇಗೆ ಹೇಳಲಿ? ಗುಜರಿಯಿಂದ ಮುರುಕಲು ಹಾರ್ಮೋನಿಯಂ ಒಂದರ ಮನೆಗಳು ಬಂದವು, ಮನೆ ಅಂದರೆ ಬೆರಳಿಡುವ ಆ ಕಪ್ಪು ಬಿಳಿ ಪಟ್ಟಿಗಳು. ಅವುಗಳ ಕೆಳಗೆ ಸೈಕಲ್ಲಿನ ಕಡ್ಡಿಗಳನ್ನು ಬಗ್ಗಿಸಿ ಸಿಕ್ಕಿಸಿದರು. ಒಂದೊಂದು ಮನೆ ಒತ್ತಿದಾಗಲೂ ಒಂದೊಂದು ಸ್ವರ ಹೊರಡಬೇಕು. ಹೊರಡುತ್ತಿತ್ತು, ಯಾವ ಸ್ವರ ಎಂಬುದು ಮಾತ್ರ ಅದರ ಮನಸ್ಸಿಗೆ ಬಿಟ್ಟದ್ದು. ಕೆಲವೊಮ್ಮೆ ಸ್ವರದ ಬದಲು ರೇಡಿಯೋದ ರೈತರ ಕಾರ್ಯಕ್ರಮ ಬರುತ್ತಿತ್ತು. ಒಂದು ರೇಡಿಯೋವೂ ಮಾತಾಡದ ನಮ್ಮ ಮನೆಯಲ್ಲಿ ಮೊದಲ ಸಲ ರೇಡಿಯೋ ಕೇಳಿಸಿದ್ದು ಹಾರ್ಮೋನಿಯಮ್ಮಿನಿಂದ. 'ಮ' ಒತ್ತಿದರೆ ಕಡಲೆಕಾಯಿಗೆ ತಗಲುವ ಎಲೆಚುಕ್ಕೆ ರೋಗದ ಬಗ್ಗೆ ಒಬ್ಬರು ನಿಧಾನವಾಗಿ ತಿಳಿಸಿಕೊಡುತ್ತಿದ್ದರು. ನಮ್ಮತ್ತೆ ದಿನಾ ಮಧ್ಯಾಹ್ನ ಬಂದು "ಆ 'ಮ' ಸ್ವಲ್ಪ ಒತ್ತಪ್ಪ" ಎಂದು ಕುಳಿತುಬಿಡುತ್ತಿದ್ದರು.

ಶ್ರುತಿ ಕೂಡಿಸಲು ಒಂದು ಆಧಾರ ಬೇಕಲ್ಲ. ಮೇಷ್ಟ್ರಿಗೆ ಮುಂಚೆಯೇ ತಿಳಿಸಬಾರದೆಂದು ಅವರ ಪೆಟ್ಟಿಗೆ ಕೇಳುವ ಹಾಗಿರಲಿಲ್ಲ. ಮದುವೆಗೆ ಮುಂಚೆ ನಾನು ಎರಡು ವರ್ಷ ಸಂಗೀತ ಕಲಿತಿದ್ದೆ ಎಂಬುದು ಯಜಮಾನರಿಗೆ ತಟ್ಟನೆ ನೆನಪಾಯಿತು. ನಾನು ಒಲೆಯ ಮುಂದೆ ನಿಂತು 'ಸಾ' ಎನ್ನಬೇಕು, ಅವರು ನಡುಮನೆಯಲ್ಲಿ ತಿರುಪು ತಿರುಗಿಸಿ ಪೆಟ್ಟಿಗೆಯನ್ನು ನನ್ನ ದನಿಗೆ ಹೊಂದಿಸಬೇಕು. "ಅಕ್ಕ, ಇನ್ನೊಂದ್ಸಲ ಸಾ ಅನ್ರಿ!" "ಈಗ ರೀ ಅನ್ರಿ!" ರೊಟ್ಟಿ ತಟ್ಟುತ್ತ ತಟ್ಟುತ್ತ ಪೂರ್ತಿ ಸಪ್ತಕ ಹಾಡಿದೆ. ಬೀದಿಯಲ್ಲಿ ತರಕಾರಿಯವಳು ನಿಂತು, "ಯಾಕಮ್ಮ, ಯಾರನ್ನ ಕರೀತಿದೀರಾ?" ಎಂದು ಕೇಳಿದಳು. ನನಗೆ ಒಳಗೊಳಗೆ ಹೆಮ್ಮೆ. ಇಡೀ ಜಿಲ್ಲೆಯಲ್ಲಿ ಕರೆಂಟ್ ಹಾರ್ಮೋನಿಯಂ ಇದೊಂದೇ, ಅದರ ದನಿ ನನ್ನದು!

ನನಗೆ ಆ ವಾರ ಜೋರು ನೆಗಡಿ ಇತ್ತು ಎಂಬುದು ಯಾರ ಲಕ್ಷ್ಯಕ್ಕೂ ಬರಲಿಲ್ಲ, ನನ್ನ ಲಕ್ಷ್ಯಕ್ಕೂ.

ಮೇಷ್ಟ್ರನ್ನು ಕರೆಸಿ, ಪೆಟ್ಟಿಗೆಯ ಮೇಲಿನ ಟವೆಲ್ಲು ತೆಗೆದು, "ನುಡಿಸ್ರಿ ಮೇಷ್ಟ್ರೆ, ತುಳಿಯೋ ಹಂಗೇ ಇಲ್ಲ" ಎಂದಾಗ ಅವರು ಕೋಲು ಪಕ್ಕಕ್ಕಿಟ್ಟು ಕುಳಿತರು. ಮುಚ್ಚಳವಾಗಿದ್ದ ಇಡ್ಲಿ ತಟ್ಟೆಯ ಗುಳಿಗಳನ್ನು ಬೆರಳಿನಿಂದ ಸವರಿದರು. ಆಮೇಲೆ 'ಸ' ಒತ್ತಿದರು, 'ಪ' ಒತ್ತಿದರು, ಕಣ್ಣು ಮುಚ್ಚಿ ಕೇಳಿದರು.

"ಚೆನ್ನಾಗೈತೆ ಕಣ್ರಪ್ಪ" ಎಂದರು. "ಆದ್ರೆ ಇದ್ಕೇನು ನೆಗಡಿ ಆಗೈತಾ?"

ನಾನು ಅಡುಗೆಮನೆಗೆ ಓಡಿದೆ. ಸರಿಪಡಿಸಲು ಸಮಯವಿರಲಿಲ್ಲ. ಬಿ.ದುರ್ಗದ ಗೌಡರು, "ಭಾನುವಾರ ಮಧ್ಯಾಹ್ನ ಬಂದು ಒಂದು ತಾಲೀಮು ತೋರಿಸಲಿ. ನಡೆದರೆ ಸರಿ, ಇಲ್ಲದಿದ್ದರೆ ಬೇರೆಯವರಿಗೆ ಹೇಳಿ ಕಳಿಸುತ್ತೇವೆ" ಎಂದು ತಿಳಿಸಿಯಾಗಿತ್ತು. ಮೇಷ್ಟ್ರು ನೆಗಡಿಯ ಪೆಟ್ಟಿಗೆಯಲ್ಲೇ ಅಭ್ಯಾಸ ಮಾಡಿದರು. ಅವರ ಬೆರಳುಗಳು ಓಡಾಡುವುದನ್ನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಲಕ್ವ ಹೊಡೆದ ಮೇಲೆ ಅವರ ಮುಖದಲ್ಲಿ ಬೆಳಕು ಕಂಡದ್ದು ಅದೇ ಮೊದಲು.

ಭಾನುವಾರ ಎಲ್ಲರೂ ಹೊರಟೆವು. 'ಶ್ರುತಿಯ ಜವಾಬ್ದಾರಿ ನಿನ್ನದು' ಎಂದು ನನ್ನನ್ನೂ ಕರೆದುಕೊಂಡು ಹೋದರು. ಮೇಷ್ಟ್ರು ಹಳೆಯ ಕಾಲು ಹಾರ್ಮೋನಿಯಮ್ಮನ್ನೂ ಹೊರಡಿಸಿದರು. ಯಾಕೆ ಎಂದರೆ, "ಇಷ್ಟು ವರ್ಷ ಜೊತೆಗೆ ತಿರುಗೈತೆ. ಇವತ್ತೊಂದಿನ ಬಿಟ್ಟು ಹೋಗಾಣ ಅಂದ್ರೆ ಮನಸ್ಸು ಬರಲ್ಲ" ಎಂದರು. ಬಸ್ಸಿನ ಕಂಡಕ್ಟರ್ ಅದನ್ನು ಟಾಪಿಗೆ ಹಾಕಿಸಿದ. ನಮ್ಮ ಹೊಸ ಪೆಟ್ಟಿಗೆಯ ಒಳಗಿಣುಕಿ, ತಂತಿಗಳ ಕಾಡು ನೋಡಿ ಬೆಚ್ಚಿದ. "ಇದು ಟಾಪಿನ ಮ್ಯಾಲೆ ಬ್ಯಾಡ್ರಿ. ಮೋಡ ಆಗೈತೆ, ಸಿಡ್ಲು ಎಳ್ಕಂತದೆ." ಹಾಗಾಗಿ ಸಿಡಿಲು ಎಳೆದುಕೊಳ್ಳುವ ಪೆಟ್ಟಿಗೆ ಹೊಳಲ್ಕೆರೆ ದಾಟಿ ಬಿ.ದುರ್ಗದವರೆಗೆ ನನ್ನ ತೊಡೆಯ ಮೇಲೆ ಕುಳಿತು ಬಂತು. ಪಕ್ಕದಲ್ಲಿ ಕುಳಿತ ಹೆಂಗಸು ಊರು ಬರುವವರೆಗೂ ನನ್ನಿಂದ ದೂರ ಸರಿಯುತ್ತಲೇ ಇದ್ದಳು.

ಶಾಲೆಯ ಕೊಠಡಿಯಲ್ಲಿ ತಾಲೀಮು. ಬೆಂಚುಗಳ ಮೇಲೆ ಊರಿನವರು, ಮುಂದೆ ಗೌಡರು. ಕಿಟಕಿಗಳ ತುಂಬ ತಲೆಗಳು. ಹಾಲೇಶಪ್ಪನವರು ತಮ್ಮ ದೊಡ್ಡ ಹಾರನ್ ಸ್ಪೀಕರನ್ನು ಕಿಟಕಿಗೆ ಕಟ್ಟಿದರು. ಮೇಷ್ಟ್ರ ಹಿಂದೆ ನಾವು ನಾಲ್ವರು ಆಪರೇಷನ್ನಿಗೆ ನಿಂತವರ ಹಾಗೆ ನಿಂತೆವು.

ಹಿಂದೆಯೂ ಆಡಿದ್ದ ನಾಟಕವಾದ್ದರಿಂದ ಹಾಡುಗಳು ಅವರಿಗೆ ಬರುತ್ತಿದ್ದವು. ಮೊದಲು ರಾಜನ ಹಾಡು. ಚೆನ್ನಾಗಿಯೇ ಹೋಯಿತು. ಗೌಡರು ತಲೆದೂಗಿದರು. ನೆಗಡಿಯ ಶ್ರುತಿ ರಾಜನಿಗೆ ಹೇಳಿ ಮಾಡಿಸಿದಂತೆ ಹೊಂದಿತು. ಆತನಿಗೂ ಅವತ್ತು ನೆಗಡಿಯೇ ಇತ್ತು ಅಂತ ಆಮೇಲೆ ತಿಳಿಯಿತು.

ಆಮೇಲೆ ರಕ್ಕಸ ಎದ್ದ. ಚೌಡಪ್ಪ ಅಂತ, ಗಾಡಿ ಹೊಡೆಯುವವನು. ಬಾಗಿಲಲ್ಲಿ ಅಡ್ಡಡ್ಡ ಬರಬೇಕಾದಂಥ ಆಳು. ಅವನ ಪಾತ್ರಕ್ಕೆ ಇಡೀ ನಾಟಕದಲ್ಲಿ ಒಂದೇ ಹಾಡು, ಸಾಯುವ ಮುಂಚೆ. ಆ ಒಂದು ಹಾಡಿಗೋಸ್ಕರ ಮೀಸೆ ಬಿಟ್ಟಿದ್ದ, ದಿನಾ ಗಾಡಿಯ ಮೇಲೆ ಎತ್ತುಗಳಿಗೆ ಹಾಡಿ ತೋರಿಸುತ್ತಿದ್ದನಂತೆ. ಎದೆ ಉಬ್ಬಿಸಿ ಶುರುಮಾಡಿದ. ಒಂದು ಸಾಲು ಮುಗಿದಿತ್ತು. ಆಗ ಊರಾಚೆ ತೋಟದಲ್ಲಿ ಯಾರೋ ಪಂಪ್‌ಸೆಟ್ ಹಾಕಿದರು.

ಓಲ್ಟೇಜು ಇಳಿದರೆ ಪೆಟ್ಟಿಗೆಯ ಸ್ವರವೂ ಇಳಿಯುತ್ತದೆ ಎಂಬುದು ನಮಗೆ ತಿಳಿದದ್ದು ಆ ಗಳಿಗೆಯಲ್ಲಿ. ಒತ್ತಿದ ಸ್ವರ ಇಳಿಜಾರಿನಲ್ಲಿ ಕುಳಿತವರ ಹಾಗೆ ಮೆಲ್ಲನೆ ಕೆಳಕ್ಕೆ ಜಾರತೊಡಗಿತು. ಚೌಡಪ್ಪ ಶ್ರುತಿ ಬಿಡದ ನಿಯತ್ತಿನ ಮನುಷ್ಯ. ಅದರ ಹಿಂದೆಯೇ ಇಳಿದ. ಕುತ್ತಿಗೆ ಒಳಕ್ಕೆಳೆದುಕೊಂಡು, ಗದ್ದ ಎದೆಗೆ ಒತ್ತಿ, ಕೊನೆಗೆ ಮಂಡಿ ಬಗ್ಗಿಸಿ, ಬಾವಿಯ ತಳದಿಂದ ಬಂದಂತೆ ಗುರುಗುಟ್ಟಿದ. ಅಷ್ಟರಲ್ಲಿ ಪಂಪ್‌ಸೆಟ್ ನಿಂತಿತು. ಸ್ವರ ಚಂಗನೆ ಮೇಲಕ್ಕೆ ನೆಗೆಯಿತು. ಚೌಡಪ್ಪನೂ ನೆಗೆದ. ಅಂಥ ದೇಹದಿಂದ ಅಷ್ಟು ಎಳೆಯ ಕೂಗು ಹೊರಟಿದ್ದನ್ನು ಕೇಳಿ ಕಿಟಕಿಯಲ್ಲಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಗಾಬರಿಯಲ್ಲಿ ಮೇಷ್ಟ್ರ ಬೆರಳು 'ಮ' ಒತ್ತಿತು. ಹಾರನ್ನಿನಿಂದ ಇಡೀ ಊರಿಗೆ, "ರೈತ ಬಾಂಧವರೇ, ಬೀಜೋಪಚಾರ ಮಾಡುವ ಮುನ್ನ" ಎಂದು ಕೇಳಿಸಿತು. ಹಿಂದಿನ ಬೆಂಚಿನ ಮುದುಕರೊಬ್ಬರು, "ಸ್ವಲ್ಪ ಸುಮ್ಕಿರ್ರಪ್ಪ, ಇದನ್ನ ಕೇಳಾಣ" ಎಂದರು.

ಅಷ್ಟಕ್ಕೆ ಕರೆಂಟೇ ಹೋಯಿತು.

ಓಬಣ್ಣ ಸುಮ್ಮನೆ ಒಂದು ತಂತಿ ಎಳೆದು ನೋಡಿದ. ಯಜಮಾನರು ನನ್ನ ಮುಖ ನೋಡಿದರು. ಮೇಷ್ಟ್ರು ಮನೆಗಳ ಮೇಲಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅಷ್ಟು ಹೊತ್ತು ನಗು ತಡೆದುಕೊಳ್ಳುತ್ತಿದ್ದ ನನಗೆ ಆ ಕೈಗಳನ್ನು ನೋಡಿ ನಗು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಗೌಡರು ಗಂಟಲು ಸರಿಮಾಡಿಕೊಂಡು, "ಮೇಷ್ಟ್ರೆ, ಬ್ಯಾಸರ ಮಾಡ್ಕಬ್ಯಾಡ್ರಿ..." ಎಂದು ಶುರುಮಾಡಿದರು.

"ತಡೀರಿ ಗೌಡ್ರೆ!" ಎಂದ ಚೌಡಪ್ಪ. "ನನ್ ಹಾಡು ಮುಗಿದಿಲ್ಲ!"

ಮೂಲೆಯಲ್ಲಿದ್ದ ಹಳೆಯ ಹಾರ್ಮೋನಿಯಮ್ಮನ್ನು ಒಬ್ಬನೇ ಎತ್ತಿ ತಂದು ಮೇಷ್ಟ್ರ ಮುಂದೆ ಕುಕ್ಕಿದ. ನೆಲಕ್ಕೆ ಕುಕ್ಕರಗಾಲಲ್ಲಿ ಕುಳಿತು, ಕಾಲಿನ ಹಲಗೆಗಳನ್ನು ಎರಡೂ ಕೈಯಿಂದ ಒತ್ತತೊಡಗಿದ. ಒತ್ತುತ್ತಲೇ ಹಾಡಿದ. ಮೇಷ್ಟ್ರು ಬೇಡ ಎನ್ನಲು ಬಾಯಿ ತೆರೆದರು. ಆದರೆ ಅವರ ಬೆರಳುಗಳು ಬಾಯಿಯ ಅಪ್ಪಣೆಗೆ ಕಾಯಲಿಲ್ಲ. ಗಾಡಿ ಹೊಡೆದು ಪಳಗಿದ ತೋಳಬಲಕ್ಕೆ ಪೆಟ್ಟಿಗೆ ಘರ್ಜಿಸಿತು.

"ಮೆಲ್ಲಕೆ ಒತ್ತೋ ರಕ್ಕಸ! ಹರಿದು ಹಾಕ್ತೀಯ!" ಎಂದು ಮೇಷ್ಟ್ರು ಗದರಿದರು.

ಚೌಡಪ್ಪ ಮೆಲ್ಲಕೆ ಒತ್ತಿದ. ಹಾಡುವವನೇ ಗಾಳಿ ಒತ್ತುವುದರಿಂದ, ಅವನು ಉಸಿರೆಳೆದುಕೊಂಡಾಗ ಪೆಟ್ಟಿಗೆಯೂ ಉಸಿರೆಳೆದುಕೊಂಡಿತು. ಅವನು ದನಿ ಎತ್ತಿದಾಗ ಅದೂ ಎತ್ತಿತು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ನಾನು ಆಮೇಲೆ ದೊಡ್ಡ ದೊಡ್ಡವರ ಕಚೇರಿ ಕೇಳಿದ್ದೇನೆ. ನೆಲಕ್ಕೆ ಕುಳಿತ ಆ ರಕ್ಕಸ, ಮೇಲೆ ಕುಳಿತ ಆ ಮುದುಕರು ಕೂಡಿ ಹಾಡಿದಂಥ ಹಾಡು ಮತ್ತೆ ಕೇಳಲಿಲ್ಲ.

ಹಾಡು ಮುಗಿದ ಮೇಲೆ ಮೇಷ್ಟ್ರು ಕಣ್ಣು ತೆರೆದರು. ಆಮೇಲೆ, "ಒತ್ತು ಅಂತ ನಾನು ನಿನ್ನ ಕೇಳಿರ್ಲಿಲ್ಲ ಚೌಡ" ಎಂದರು.

"ನಾನೂ ನಿಮ್ಮನ್ನ ಕೇಳ್ಲಿಲ್ಲ ಮೇಷ್ಟ್ರೆ. ನನ್ ಹಾಡು ಮುಗೀಬೇಕಿತ್ತು" ಎಂದ ಚೌಡಪ್ಪ, ಬೆವರು ಒರೆಸಿಕೊಳ್ಳುತ್ತ.

ಗೌಡರು ಎದ್ದು ನಿಂತರು. "ಮೇಷ್ಟ್ರು ಇವರೇ. ಒತ್ತೋರು ಯಾರು ಅಂತ ನೀವ್ ನೀವೇ ಮಾತಾಡ್ಕಳ್ರಪ್ಪ" ಎಂದು ಹೊರಟೇಬಿಟ್ಟರು. ಮೇಷ್ಟ್ರು ಬೇಡ ಎನ್ನುತ್ತಾರೇನೋ ಎಂದು ನಾವು ಹೆದರಿದ್ದೆವು. ಅವರು ರಾಜನ ಪಾತ್ರದವನ ಕಡೆ ತಿರುಗಿ, "ರಕ್ಕಸ ಸತ್ತ ಮ್ಯಾಲೆ ಯಾರಪ್ಪ ಒತ್ತೋದು? ನೀನಾ?" ಎಂದರು.

ನಾಟಕ ನಡೆಯಿತು. ನನಗೆ ಹೋಗಲಾಗಲಿಲ್ಲ. ಹಾಲೇಶಪ್ಪನವರು ಬಂದು ಓಣಿಗೆಲ್ಲ ಕೇಳುವ ಹಾಗೆ ವರದಿ ಒಪ್ಪಿಸಿದರು. ರಾಜ ಕಿರೀಟ ಸಮೇತ ಪೆಟ್ಟಿಗೆಯ ಕೆಳಗೆ ಬಗ್ಗಿ ಗಾಳಿ ಒತ್ತಿದನಂತೆ. ಅವನ ಸರದಿ ಬಂದಾಗ ಮಂತ್ರಿ ಒತ್ತಿದನಂತೆ. ಸತ್ತುಬಿದ್ದ ರಕ್ಕಸ ಎಲ್ಲರ ಕಣ್ಣೆದುರೇ ತೆವಳಿಕೊಂಡು ಹೋಗಿ ತನ್ನನ್ನು ಕೊಂದವನ ಜಯದ ಹಾಡಿಗೆ ಗಾಳಿ ಒತ್ತಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ಮುಂದೆ ಮೇಷ್ಟ್ರು ಬಹಳ ವರ್ಷ ಊರೂರು ತಿರುಗಿ ನಾಟಕ ಆಡಿಸಿದರು. ಹೋದ ಊರಿನಲ್ಲೆಲ್ಲ ಪಾತ್ರ ಹಂಚುವ ಮೊದಲು ಒತ್ತುವವರನ್ನು ಆರಿಸುತ್ತಿದ್ದರಂತೆ. ಅದಕ್ಕೆ ರಾಜನ ಪಾತ್ರಕ್ಕಿಂತ ಹೆಚ್ಚು ಪೈಪೋಟಿ ಇರುತ್ತಿತ್ತಂತೆ.

ನಮ್ಮ ಪೆಟ್ಟಿಗೆಯನ್ನು ಬಿ.ದುರ್ಗದ ರೈತನೊಬ್ಬ ಕೇಳಿ ತೆಗೆದುಕೊಂಡು ಹೋದ. ಜೋಳದ ಹೊಲಕ್ಕೆ ಬರುವ ಗಿಳಿ ಓಡಿಸಲು ಇದಕ್ಕಿಂತ ಒಳ್ಳೆಯ ಸದ್ದಿಲ್ಲ ಎಂದು ಅವನಿಗೆ ಆ ತಾಲೀಮಿನ ದಿನವೇ ಅನ್ನಿಸಿತ್ತಂತೆ. ಸಂಘದವರು ಮೊದಲು ಮುನಿಸಿಕೊಂಡರು, ಆಮೇಲೆ ತಾವೇ ಹೋಗಿ ಪಂಪ್‌ಸೆಟ್ ಮನೆಯಿಂದ ತಂತಿ ಎಳೆದುಕೊಟ್ಟು ಬಂದರು. ಸ್ವಲ್ಪ ದಿನ ಬಿಟ್ಟು ಅವನು ಓಬಣ್ಣನ ಅಂಗಡಿಗೆ ಬಂದ. "ಗಿಳಿ ಹೋಗಲ್ಲ ಕಣಣ್ಣ. ಬೇಲಿ ಮ್ಯಾಲೆ ಸಾಲಾಗಿ ಕುಂತ್ಕಂತಾವೆ. ಆದ್ರೆ ಜೋಳ ತಿನ್ನಲ್ಲ, ಕೇಳ್ತಾವೆ" ಎಂದ. ಓಬಣ್ಣ ಅಂಗಡಿ ಮುಚ್ಚಿ ನಮ್ಮ ಮನೆಗೆ ಓಡಿಬಂದ. ಮೂವರೂ ತಬ್ಬಿಕೊಂಡರು. ಎಲೆಕ್ಟ್ರಿಕ್ ನಾದ ಸಂಘಕ್ಕೆ ಕೊನೆಗೂ ಶ್ರೋತೃಗಳು ಸಿಕ್ಕಿದ್ದರು.

ಹಾಲೇಶಪ್ಪನವರಿಲ್ಲ, ಮೇಷ್ಟ್ರಿಲ್ಲ. ಓಬಣ್ಣ ಮಗಳ ಮನೆ ಸೇರಿದ್ದಾನೆ. ಯಜಮಾನರಿಗೆ ಇದನ್ನೆಲ್ಲ ಬರೆಯುತ್ತಿದ್ದೇನೆ ಎಂದು ಹೇಳಿದರೆ, "ಪಂಪ್‌ಸೆಟ್‌ನವರದ್ದೇ ತಪ್ಪು ಅಂತ ಸರಿಯಾಗಿ ಬರಿ" ಎಂದರು.

ಇಷ್ಟು ಬರೆದು ಪೆನ್ನು ಮುಚ್ಚುವ ಹೊತ್ತಿಗೆ ಪಕ್ಕದ ಮನೆಯ ಸೊಸೆ ಬಾಗಿಲಲ್ಲಿ ನಿಂತಿದ್ದಳು. ದಿನಾ ಸಂಜೆ ನಾವಿಬ್ಬರೂ ಸೊಪ್ಪು ತರಲು ಹೋಗುತ್ತೇವೆ. ನನ್ನ ಮಂಡಿ ಕೈಕೊಟ್ಟಂದಿನಿಂದ ಅವಳು ಮೆಟ್ಟಿಲ ತುದಿಯಲ್ಲಿ ದಿನಾ ತೋಳು ಚಾಚುತ್ತಾಳೆ. ದಿನಾ ನಾನು, "ಬಿಡಮ್ಮ, ನಾನೇ ಇಳೀತೀನಿ" ಎಂದು ಗೋಡೆ ಹಿಡಿದು ಇಳಿಯುತ್ತೇನೆ. ಇವತ್ತು ಅವಳ ತೋಳು ಹಿಡಿದುಕೊಂಡೆ.

ಅವಳಿಗೆ ಗಾಬರಿ. "ಯಾಕಮ್ಮ, ನೋವು ಜಾಸ್ತಿ ಐತಾ?"

"ಇಲ್ಲ ಕಣೆ. ನಡಿ, ಹೋಗಾಣ."

ಮೊದಮೊದಲು ಇಬ್ಬರ ಹೆಜ್ಜೆ ಹೊಂದಲಿಲ್ಲ. ಅವಳು ಇಳಿದರೆ ನಾನು ನಿಲ್ಲುತ್ತಿದ್ದೆ, ನಾನು ಇಳಿದರೆ ಅವಳು ನಿಲ್ಲುತ್ತಿದ್ದಳು. ತಿರುವಿನ ಹತ್ತಿರ ಬರುವಷ್ಟರಲ್ಲಿ ಹೊಂದಿತು.